ಹೆಡ್‌ಮಾಸ್ಟರ ಶೇಂಗಾ, ಗಂಗಮ್ಮನ ವಾಕ್ಯ

೧೯೯೮ರ ಜೂನ್. ಕಾನಹೊಸಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಶಿಕ್ಷಕ. ಪ್ರೊಬೇಷನ್, ಅಂದರೆ ನೌಕರಿ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ, ಮುಗಿಯಲು ಎರಡು ತಿಂಗಳಿತ್ತು. ಅದಕ್ಕೆ ವರದಿ ಬರೆಯಬೇಕಾದವರು ನಮ್ಮ ಹೆಡ್‌ಮಾಸ್ಟರು.

ಅವರಿಗೆ ಹೊಲವಿತ್ತು. ಯಂತ್ರಕ್ಕೆ ಹಾಕಿದರೆ ಕಾಳು ಒಡೆಯುತ್ತದೆಂದು ನಮ್ಮ ಕಡೆ ಬಿತ್ತನೆಯ ಶೇಂಗಾವನ್ನು ಕೈಯಲ್ಲೇ ಸುಲಿಯುತ್ತಾರೆ. ಹೆಡ್‌ಮಾಸ್ಟರು ಕೂಲಿಯವರನ್ನು ಕರೆಯದೆ, ಶನಿವಾರದ ಕಾರ್ಯಾನುಭವದ ಪೀರಿಯಡ್ಡಿಗೆ ಚೀಲಗಳನ್ನು ಶಾಲೆಗೇ ತರಿಸುತ್ತಿದ್ದರು. ಎಸ್ಸೆಸ್ಸೆಲ್ಸಿ ಹುಡುಗಿಯರು ಕೂತು ಸುಲಿಯುತ್ತಿದ್ದರು. ನಾವು ಶಿಕ್ಷಕರು ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುತ್ತ ಆ ಕಾಳನ್ನೇ ಬಾಯಾಡಿಸುತ್ತಿದ್ದೆವು.

ಒಂದು ಸೋಮವಾರ ಅದೇ ಎಸ್ಸೆಸ್ಸೆಲ್ಸಿ ತರಗತಿಯ ಪಾಠದಲ್ಲಿ ‘ಎಕ್ಸ್‌ಪ್ಲಾಯ್ಟ್’ ಎಂಬ ಪದ ಬಂತು. ಗಾಳಿ, ನೀರು, ಗಣಿಯನ್ನು ಬಳಸಿಕೊಳ್ಳುವುದಕ್ಕೂ ಈ ಪದ ಸಲ್ಲುತ್ತದೆ. ಮನುಷ್ಯರ ವಿಷಯದಲ್ಲಾದರೆ, ಎದುರು ಮಾತಾಡಲಾರರೆಂದು ತಿಳಿದೇ ಅವರನ್ನು ದುಡಿಸಿಕೊಳ್ಳುವುದು ಎಂದು ಅರ್ಥ ಹೇಳಿದೆ. ಜಮೀನ್ದಾರರ ಉದಾಹರಣೆ ಕೊಟ್ಟು, ಸ್ವಂತ ವಾಕ್ಯ ಬರೆಯಿರಿ ಎಂದೆ. ಶೇಂಗಾ ಸುಲಿಯುತ್ತಿದ್ದ ಹುಡುಗಿಯರಲ್ಲಿ ಒಬ್ಬಳಾದ ಗಂಗಮ್ಮನನ್ನು ಬಿಟ್ಟು ಎಲ್ಲರೂ ಜಮೀನ್ದಾರರನ್ನೇ ಬರೆದರು.

ಮರುದಿನ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ತಪಾಸಣೆಗೆ ಹೋಗಿದ್ದ ಅವಳ ನೋಟ್‌ಬುಕ್ ಮೇಜಿನ ಮೇಲಿತ್ತು. ಅವಳೂ ಅಲ್ಲೇ ನಿಂತಿದ್ದಳು. ‘ನಮ್ಮ ಹೆಡ್‌ಮಾಸ್ಟರು ಪ್ರತಿ ಶನಿವಾರ ನಮ್ಮನ್ನು ಎಕ್ಸ್‌ಪ್ಲಾಯ್ಟ್ ಮಾಡುತ್ತಾರೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಅದನ್ನು ಹೊಡೆದುಹಾಕಿ ಕ್ಷಮೆ ಕೇಳದಿದ್ದರೆ ಟಿ.ಸಿ. ಕೊಟ್ಟು ಕಳಿಸುತ್ತೇನೆ ಎಂದರು. ಪರೀಕ್ಷೆಯ ವರ್ಷ ಟಿ.ಸಿ. ಕೈಗೆ ಬಂದರೆ ಅವಳ ಓದು ಅಲ್ಲಿಗೇ ಮುಗಿದಂತೆ.

“ಹೆಬ್ಬೆರಳು ಬಾತು ಪೆನ್ನು ಹಿಡಿಯಾಕ ಬರವಲ್ದ್ರಿ ಸಾರ್. ಅಂಥಾದ್ರಾಗ ಬರದೀನಿ. ಹೊಡೆದ್ಹಾಕಲ್ಲ,” ಎಂದಳು.

ಅವರು ಕೆಂಪು ಪೆನ್ನನ್ನು ನನ್ನ ಕಡೆ ತಳ್ಳಿದರು. “ನೀವು ಗೆರಿ ಹೊಡೀರಿ ಮೇಷ್ಟ್ರೆ. ನಿಮ್ಮ ರಿಪೋರ್ಟು ನನ್ನ ಕೈಯಾಗ ಐತಿ.”

ಮೈ ಉರಿಯಿತು. ಹೆದರಿಕೆಯೂ ಆಯಿತು, ಸುಳ್ಳೇಕೆ ಹೇಳಲಿ. ನೋಟ್‌ಬುಕ್ ಎಳೆದುಕೊಂಡಾಗ ಕೆಳಗಿನ ಸಾಲು ಕಂಡಿತು: ‘ನಮ್ಮ ಇಂಗ್ಲಿಷ್ ಸಾರ್‌ಗೆ ಇದು ಗೊತ್ತಿದೆ.’

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎರಡೂ ಸಾಲಿಗೆ ರೈಟ್ ಮಾರ್ಕ್ ಹಾಕಿ ಸಹಿ ಮಾಡಿದೆ.

“ಎರಡೂ ಸರಿ ಅದಾವ್ರಿ ಸಾರ್. ಟಿ.ಸಿ. ಕೊಡೋದಾದ್ರ ಕಾರಣದ ಕಾಲಮ್ಮಿನಾಗ ಇದನ್ನ ಬರೀರಿ, ಕೆಳಗ ನಾನೂ ಸಹಿ ಹಾಕ್ತೀನಿ.”

ಅದನ್ನು ಬರೆಯುವ ಧೈರ್ಯ ಅವರಿಗೆ ಬರಲಿಲ್ಲ, ಟಿ.ಸಿ.ಯನ್ನೂ ಕೊಡಲಿಲ್ಲ. ನನ್ನ ವರದಿಯಲ್ಲಿ ಮಾತ್ರ ‘ಅವಿಧೇಯ’ ಎಂದು ಬರೆದರು, ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು. ಹೋಗಲಿ ಎಂದುಕೊಂಡೆ. ಆ ಶನಿವಾರವೂ ಚೀಲಗಳು ಬಂದವು. ಒಬ್ಬ ಹುಡುಗಿಯೂ ಬೆಂಚು ಬಿಟ್ಟು ಏಳಲಿಲ್ಲ. ನಾನು ತರಗತಿಯ ಬಾಗಿಲಲ್ಲೇ ನಿಂತಿದ್ದೆ.

ಪದದ ಅರ್ಥ ಹೇಳಿಕೊಟ್ಟವನು, ವಿದ್ಯಾರ್ಥಿ ಅದನ್ನು ನಿಜಕ್ಕೂ ಬಳಸಿದ ದಿನ ಅವಳ ಪಕ್ಕ ನಿಲ್ಲಬೇಕು. ನಿಲ್ಲಲಾರದವನು ಆ ಪಾಠ ಮಾಡಲೇಬಾರದು.