ಹೇಳಿಕೊಳ್ಳದ ಹರಕೆ

ನಮ್ಮ ಕಡೆಯವರಿಗೆ ಗೋಧಿ ಎಂದರೆ ಚಪಾತಿ ಮಾತ್ರ. ರವೆ ಗೋಧಿಯಲ್ಲ, ಮೈದಾವಂತೂ ಗೋಧಿಯೇ ಅಲ್ಲ. ಈ ಒಂದು ತಿಳುವಳಿಕೆಯ ಜೊತೆ ನಾನು ಗುದ್ದಾಡಿದಷ್ಟು ನನ್ನ ಅತ್ತೆಯ ಜೊತೆಗೂ ಗುದ್ದಾಡಿದವಳಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಮಗಳಿಗೆ ಆಗ ಆರು ವರ್ಷ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿದ್ದು. ಊರಿನ ಕಷಾಯಗಳೆಲ್ಲ ಮುಗಿದ ಮೇಲೆ ಮಂಗಳೂರಿನ ಮಕ್ಕಳ ಡಾಕ್ಟರೊಬ್ಬರು, ಗೋಧಿಯ ಅಂಶ ಇವಳ ಕರುಳಿಗೆ ಆಗುವುದಿಲ್ಲ, ಜನ್ಮದಲ್ಲಿ ಕೊಡಬೇಡಿ ಎಂದರು. ಹೊರಡುವಾಗ ನಕ್ಕು, "ನೀವು ಪುಣ್ಯವಂತರು, ನಿಮ್ಮದು ಅಕ್ಕಿಯ ಊರು" ಎಂದೂ ಸೇರಿಸಿದರು. ನಿಜವೇ. ಪುತ್ತೂರು ದರ್ಬೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ನೀರುದೋಸೆಯೋ ಅಕ್ಕಿತರಿಯ ಉಂಡೆ ಪುಂಡಿಯೋ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ. ಎರಡೇ ತಿಂಗಳಲ್ಲಿ ಅವಳ ಕೆನ್ನೆ ತುಂಬಿತು. ಮನೆಯೊಳಗೆ ನಾನು ಮಹಾರಾಣಿ.

ಹೊಸ್ತಿಲು ದಾಟಿದರೆ ಫಜೀತಿ. ಪೇಟೆಯ ಹೋಟೆಲಿನಲ್ಲಿ ಗೋಧಿ ಹಾಕಿದ್ದು ಬೇಡ ಎಂದರೆ ಬಿಸಿಬಿಸಿ ಗೋಳಿಬಜೆ ತಂದಿಟ್ಟು, "ಇದು ಬರೀ ಮೈದಾ ಅಕ್ಕಾ, ಗೋಧಿ ಇಲ್ಲ" ಎನ್ನುವರು. ನೆಂಟರ ಮನೆಗೆ ಹೋದರೆ ಸಜ್ಜಿಗೆ, ಅಂದರೆ ರವೆಯ ಉಪ್ಪಿಟ್ಟು. ಡಾಕ್ಟರ ಮಾತು ಹೇಳಿದರೆ ಕೋಣನ ಮುಂದೆ ಕಿನ್ನರಿ. "ಒಂದು ಚೂರು ತಿಂದ್ರೆ ಎಂತ ಆಗುದಿಲ್ಲ ಮಾರಾಯ್ತಿ!" ಆಗುವುದು ಅವರ ಮನೆಯಲ್ಲಲ್ಲ, ನಮ್ಮ ಮನೆಯಲ್ಲಿ, ಮರುದಿನದಿಂದ ನಾಲ್ಕು ದಿನ. ವಿಚಿತ್ರವೆಂದರೆ, ಎಲೆಯ ಪಕ್ಕ ಪೊಲೀಸಿನವರ ಹಾಗೆ ಕೂತು ಬರೀ ಅನ್ನ ಸಾಂಬಾರು ಉಣ್ಣಿಸಿದ ಊಟಗಳ ಮರುದಿನವೂ ಅವಳ ಹೊಟ್ಟೆ ಕೆಡುತ್ತಿತ್ತು.

"ಇನ್ನು ಅವಳನ್ನು ಎಲ್ಲಿಗೂ ಕರ್ಕೊಂಡು ಹೋಗುದು ಬೇಡ" ಎಂದರು ಯಜಮಾನರು. ನನಗೆ ಉರಿಯಿತು. ಊರಿನ ಮಕ್ಕಳೆಲ್ಲ ಪಂಕ್ತಿಯಲ್ಲಿ ಕೂತು ಉಣ್ಣುವಾಗ ನನ್ನ ಮಗಳೊಬ್ಬಳು ಮನೆಯಲ್ಲಿ ಕೂರಬೇಕೇ? ವಾದ ಮಾಡಿ ಮಾಡಿ ಒಂದು ಒಪ್ಪಂದಕ್ಕೆ ಬಂದೆವು. ಬೆಟ್ಟಂಪಾಡಿಯ ನಾದಿನಿಯ ಮನೆಯ ಸತ್ಯನಾರಾಯಣ ಪೂಜೆಗೆ ಒಮ್ಮೆ ಹೋಗಿ ನೋಡುವುದು. ಈ ಸಲವೂ ಕೆಟ್ಟರೆ ಅವರು ಹೇಳಿದ ಹಾಗೆ.

ಪೂಜೆ ಮುಗಿಯಿತು. ಪ್ರಸಾದವೆಂದರೆ ರವೆ, ತುಪ್ಪ, ಸಕ್ಕರೆ, ಬಾಳೆಹಣ್ಣಿನ ಸಪಾದಭಕ್ಷ್ಯ. ನಾದಿನಿಯ ಅತ್ತೆ ಒಂದು ತುತ್ತು ಹಿಡಿದು ನೇರ ಮಗಳ ಬಾಯಿಯ ಹತ್ತಿರ ತಂದರು. ನಾನು ಕೈ ಅಡ್ಡ ಹಿಡಿದೆ.

"ದೇವರ ಪ್ರಸಾದವನ್ನು ಬೇಡ ಹೇಳುದಾ?" ಎಂದು ಅವರು ಕಣ್ಣು ದೊಡ್ಡದು ಮಾಡಿದರು. ಚಾವಡಿ ತುಂಬ ಇದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರ ಮಾತು ಅಲ್ಲಿ ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಬಾಯಿಗೆ ತಾನಾಗಿ ಬಂತು.

"ಅವಳಿಗೆ ಹರಕೆ ಉಂಟು ಅತ್ತೆ. ಸುಬ್ರಹ್ಮಣ್ಯ ದೇವರಿಗೆ ಹೇಳಿಕೊಂಡದ್ದು. ಗೋಧಿ, ರವೆ, ಮೈದಾ ಮೂರೂ ಮುಟ್ಲಿಕ್ಕೆ ಇಲ್ಲ."

ಬೆಂಕಿ ಮುಟ್ಟಿದವರ ಹಾಗೆ ಅವರು ಕೈ ಹಿಂದೆಗೆದರು. "ಮೊದಲೇ ಹೇಳುದಲ್ವಾ!" ಎಂದು ನನ್ನನ್ನು ಬೈದು, ಕೈ ತೊಳೆದು ಬಂದು ಅವಳಿಗೆ ಬಾಳೆಹಣ್ಣು ಕೊಟ್ಟರು. "ಪಾಪ, ಇಷ್ಟು ಸಣ್ಣ ಮಗುವಿಗೆ ಎಂತ ದೋಷವೋ" ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಮಗಳು ಬಾಳೆಹಣ್ಣು ಹಿಡಿದುಕೊಂಡು ಅತ್ತ ತಿರುಗಿ ನೋಡಿದಳು.

ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಹರಕೆಯ ಸುದ್ದಿ ಅಡುಗೆಮನೆಗೂ ಮುಟ್ಟಿತ್ತು. ಅನ್ನ ಬಂತು. ಸಾಂಬಾರಿನವರು ಮಗಳ ಎಲೆಗೆ ಬಗ್ಗುವಷ್ಟರಲ್ಲಿ ಅಡುಗೆಯ ಭಟ್ಟರು ಸೌಟು ಹಿಡಿದುಕೊಂಡೇ ಒಳಗಿನಿಂದ ಓಡಿಬಂದರು.

"ನಿಲ್ಲಿ ನಿಲ್ಲಿ! ಆ ಮಗುವಿಗೆ ಹಾಕ್ಬೇಡಿ. ಅದಕ್ಕೆ ಇಂಗು ಹಾಕಿದ್ದುಂಟು."

"ಇಂಗು ಹಾಕಿದ್ರೆ ಎಂತ ಭಟ್ರೇ?" ಎಂದೆ.

"ಅಂಗಡಿಯ ಇಂಗು ಮೈದಾ ಸೇರಿಸಿ ಮಾಡುದು ಅಕ್ಕಾ. ಹರಕೆಯ ಮಗುವಿಗೆ ಬಡಿಸಿದ್ರೆ ದೋಷ ನನಗೆ."

ಇಷ್ಟು ದಿನ ಅವಳ ಹೊಟ್ಟೆ ಕೆಡಿಸಿದ್ದು ನಾನೇ ಕೈಯಾರೆ ಉಣ್ಣಿಸಿದ ಊಟದ ಮನೆಗಳ ಸಾಂಬಾರು; ನಮ್ಮ ಮನೆಯ ಅಡುಗೆಗೆ ನಾನು ಇಂಗು ಹಾಕುವವಳಲ್ಲ. ಡಾಕ್ಟರೂ ಹೇಳದ್ದು, ನನಗೂ ಹೊಳೆಯದ್ದು, ದೋಷಕ್ಕೆ ಹೆದರಿದ ಭಟ್ಟರಿಗೆ ಹೊಳೆದಿತ್ತು. ಅವರು ಹಿತ್ತಲಿನ ಸಾಂಬ್ರಾಣಿ ಸೊಪ್ಪು, ಅಂದರೆ ದೊಡ್ಡಪತ್ರೆ, ಕೊಯ್ದು ಅವಳೊಬ್ಬಳಿಗೆಂದೇ ತಂಬುಳಿ ಮಾಡಿದರು. ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಹೊರಡುವಾಗ ಭಟ್ಟರು ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿಯನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟರು.

ಪುತ್ತೂರಿನ ಬಸ್ಸಿನಲ್ಲಿ ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಮಗಳು ಅದರ ಗಂಟನ್ನು ತಿರುವುತ್ತ ಕೂತಳು. ಆಮೇಲೆ ಕೇಳಿದಳು, "ಅಮ್ಮಾ, ನನ್ನ ಹರಕೆ ತೀರುದು ಯಾವಾಗ?"

ಸುಳ್ಳು ಹೇಳಿದ್ದು ಊರಿಗೆ, ಅವಳೂ ನಂಬಿಬಿಟ್ಟಿದ್ದಳು.

"ಅದು ಹರಕೆ ಅಲ್ಲ ಮಗಾ. ನಾನು ಸುಳ್ಳು ಹೇಳಿದ್ದು. ನಿನ್ನ ಹೊಟ್ಟೆಯೇ ಹಾಗೆ. ಅದು ತೀರುದಿಲ್ಲ."

ಅಳುತ್ತಾಳೆಂದು ಕಾದೆ.

"ಹಾಗಾದ್ರೆ ನಾನು ದೇವರಿಗೆ ಎಂತ ತಪ್ಪೂ ಮಾಡ್ಲಿಲ್ವಾ?"

"ಇಲ್ಲ ಮಗಾ. ತಪ್ಪು ಮಾಡಿದ್ದು ನಾನು."

ಅವಳು ಪೊಟ್ಟಣ ಬಿಚ್ಚಿದಳು. ಪುತ್ತೂರು ತಲುಪುವಾಗ ಅವಲಕ್ಕಿ ಮುಗಿದಿತ್ತು.

ನಾಲ್ಕು ದಿನ ಕಾದೆವು. ಹೊಟ್ಟೆ ಕೆಡಲಿಲ್ಲ. ಮುಂದಿನ ತಿಂಗಳು ನೆಲ್ಯಾಡಿಯಲ್ಲಿ ಗೃಹಪ್ರವೇಶದ ಊಟಕ್ಕೆ ಯಜಮಾನರೇ ಅವಳ ಕೈ ಹಿಡಿದು ಕರೆದುಕೊಂಡು ಬಂದರು. ಬಡಿಸುವವರು ಹತ್ತಿರ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು ಎಲೆಯ ಮೇಲೆ ಕೈ ಅಡ್ಡ ಹಿಡಿದಳು. "ನನಗೆ ಹರಕೆ ಉಂಟು. ಇಂಗು ಸಹ ಆಗುದಿಲ್ಲ." ಹೇಳಿ, ನನ್ನ ಕಡೆ ತಿರುಗಿ, ಬಾಯಿ ಮುಚ್ಚಿಕೊಂಡು ನಕ್ಕಳು.