ಇನ್ನೊಬ್ಬರ ಡಬ್ಬಿಯ ಚಿಟಿಕೆ

ಹೋದ ತಿಂಗಳು ಸುರಪುರದಲ್ಲಿ ನಮ್ಮ ನೀಲಮ್ಮತ್ತೆ ಒಂದು ಸೀನು ಸೀನಿದಳು. ಮನೆಯಲ್ಲಿದ್ದವರೆಲ್ಲ ಪಡಸಾಲೆಗೆ ಓಡಿಬಂದೆವು. ರೊಟ್ಟಿ ಬಡಿಯುತ್ತಿದ್ದ ಅವಳ ಸೊಸೆ ಹಿಟ್ಟಿನ ಕೈಯಲ್ಲೇ ಬಂದಳು.

ಸೀನಿದ್ದಕ್ಕೆಲ್ಲ ಯಾರಾದರೂ ಹೀಗೆ ಓಡಿಬರುತ್ತಾರೆಯೇ?

ಬರಲೇಬೇಕಿತ್ತು. ಅತ್ತೆಯ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿ ಇನ್ನೂ ವಾರ ತುಂಬಿರಲಿಲ್ಲ. ಎಡಗಣ್ಣು ಎಂದೋ ಕೈಕೊಟ್ಟಿದೆ. ಉಳಿದಿರುವುದು ಇದೊಂದೇ. ಬಗ್ಗಬೇಡಿ, ಭಾರ ಎತ್ತಬೇಡಿ, ಜೋರಾಗಿ ಸೀನಬೇಡಿ ಎಂದು ಯಾದಗಿರಿಯ ಡಾಕ್ಟರು ಮತ್ತೆ ಮತ್ತೆ ಹೇಳಿ ಕಳಿಸಿದ್ದರು.

ಅತ್ತೆಯ ಎದುರು ದೇವಮ್ಮ ಕೂತಿದ್ದಳು. ಅದೇ ಓಣಿಯವಳು, ಅತ್ತೆಯ ಹಳೆಯ ಗೆಳತಿ. ಅವಳ ಅಂಗೈ ಮೇಲೆ ಮುಚ್ಚಳ ತೆಗೆದ ತಪಕೀರಿನ ಡಬ್ಬಿ. (ನೀವು ನಶ್ಯ ಅನ್ನುತ್ತೀರಿ. ನಮ್ಮ ಮನೆಯಲ್ಲಿ ಅದು ತಪಕೀರು.)

"ಏನ್ ಮಾಡೀದಿ ದೇವಮ್ಮಾ!" ಸೊಸೆ ಚೀರಿದಳು.

"ನಾ ಏನ್ ಮಾಡೀನವ್ವಾ? ದಿನಾ ಹಿಡದಂಗ ಹಿಡದೆ. ಆಕಿ ದಿನಾ ತೊಗೊಂಡಂಗ ತೊಗೊಂಡ್ಳು."

ಅದು ನಿಜ. ಆದರೆ ದಿನಾ ತೆಗೆದುಕೊಂಡಾಗ ಅತ್ತೆ ಸೀನುತ್ತಿರಲಿಲ್ಲ. ತಪಕೀರು ಹಾಕುವವರು ಸೀನುವುದಿಲ್ಲ. ಸೀನುವುದು ಹೊಸಬರು. ಡಾಕ್ಟರು ಬಂದ್ ಮಾಡಿ ಅಂದಾಗ ಅತ್ತೆ ಇದನ್ನೇ ಹೆಮ್ಮೆಯಿಂದ ಹೇಳಿದ್ದಳು: "ನಾ ಎಂದರ ಸೀನೀನೇನ್ರಿ ಸಾಹೇಬ್ರ? ಯಾರಿಗರ ಕೇಳ್ರಿ." ಆದರೂ ಮಾತು ಕೇಳಿದಳು. ಶುಗರ್ ಇಳಿಯಲೆಂದು ಆಪರೇಷನ್ ಮುಂದಕ್ಕೆ ಹೋಗುತ್ತ ಇದ್ದ ದಿನಗಳಲ್ಲೂ ಮೂಗಿಗೆ ಏನನ್ನೂ ಸೋಕಿಸಲಿಲ್ಲ. ಆಪರೇಷನ್ ಮುಗಿಯಿತಲ್ಲ ಎಂದು ಅವತ್ತೇ ಮತ್ತೆ ಚಿಟಿಕೆ ತೆಗೆದುಕೊಂಡದ್ದು.

ತಪ್ಪಾದದ್ದು ಅಲ್ಲೇ. ಅಷ್ಟು ದಿನ ಬಿಟ್ಟ ಮೂಗು ಮತ್ತೆ ಕೂಸಿನ ಮೂಗಾಗಿತ್ತು. ಅದು ಅತ್ತೆಗೂ ಗೊತ್ತಿಲ್ಲ, ದೇವಮ್ಮನಿಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಇಬ್ಬರೂ ಈ ಜನ್ಮದಲ್ಲಿ ಅಷ್ಟು ದಿನ ಬಿಟ್ಟವರೇ ಅಲ್ಲ.

ಇವರಿಬ್ಬರಲ್ಲಿ ಒಂದು ಕಟ್ಟಳೆ ಇದೆ. ತನ್ನ ಡಬ್ಬಿಯಿಂದ ತಾನೇ ಏರಿಸುವಂತಿಲ್ಲ. ಅತ್ತೆಗೆ ದೇವಮ್ಮನ ಡಬ್ಬಿ, ದೇವಮ್ಮನಿಗೆ ಅತ್ತೆಯ ಡಬ್ಬಿ. ಒಬ್ಬಳು ಮಗಳ ಮನೆಗೆಂದು ಹುಣಸಗಿಗೆ ಹೋದರೆ ಇನ್ನೊಬ್ಬಳ ಮೂಗು ಉಪವಾಸ. ಜಗಳವಾದ ದಿನವೂ ಮಾತಿಗೆ ಮುಂಚೆ ಡಬ್ಬಿಯೇ ಮುಂದೆ ಬರುತ್ತದೆ. ತಾನು ಬಿಟ್ಟ ದಿನಗಳಲ್ಲೂ ಅತ್ತೆ ದೇವಮ್ಮನಿಗೆ ಹಿಡಿಯುವುದನ್ನು ನಿಲ್ಲಿಸಿರಲಿಲ್ಲ.

ಈ ಕಟ್ಟಳೆ ಶುರುವಾದದ್ದು ಹೇಗೆ? ಹತ್ತಿ ಹೊಲದ ಬದುವಿನ ಹಿಂದೆ ದೇವಮ್ಮ ಒಬ್ಬಳೇ ಕದ್ದು ಏರಿಸುವಾಗ ತಾನು ಹಿಡಿದೆ ಎನ್ನುತ್ತಾಳೆ ಅತ್ತೆ. ಕದ್ದವಳು ಅವಳು, ಹಿಡಿದವಳು ನಾನು ಎನ್ನುತ್ತಾಳೆ ದೇವಮ್ಮ. ಇಬ್ಬರನ್ನೂ ನಾನು ನಂಬುವುದಿಲ್ಲ. ನನ್ನನ್ನೂ ನಂಬುವುದಿಲ್ಲ. ಈ ಬರಹದ ಮೊದಲ ಕರಡಿನಲ್ಲಿ ಅತ್ತೆಯ ಕೈಗೊಂದು ಬೆಳ್ಳಿಯ ಡಬ್ಬಿ ಕೊಟ್ಟಿದ್ದೆ. ಚಿಕ್ಕಂದಿನಲ್ಲಿ ಅದು ಬಿಸಿಲಿಗೆ ಹೊಳೆದದ್ದು ಚೆನ್ನಾಗಿ ನೆನಪಿದೆ ಎಂದೂ ಬರೆದಿದ್ದೆ. ಅಳಿಸಿದೆ. ಅದು ನೋವಿನ ಮುಲಾಮಿನ ಪ್ಲಾಸ್ಟಿಕ್ ಡಬ್ಬಿ. ನೆನಪು ಇಸ್ತ್ರಿ ಮಾಡಿದ ಅಂಗಿಯಂತೆ ಸಿಕ್ಕಿತೆಂದರೆ ನನಗೆ ಅನುಮಾನ.

ಇರಲಿ. ಕಾರು ಮಾಡಿಕೊಂಡು ಯಾದಗಿರಿಗೆ ಹೊರಟೆವು. ಶಹಾಪುರ ದಾಟುವವರೆಗೂ ಅತ್ತೆ ಕಣ್ಣ ಮೇಲಿನ ಪಟ್ಟಿಯನ್ನು ಮುಟ್ಟಲೂ ಹೆದರಿ ಕೈಯನ್ನು ಗಾಳಿಯಲ್ಲೇ ಹಿಡಿದಿದ್ದಳು. ಮೊಮ್ಮಗಳು ಭಾಗ್ಯ ಪಕ್ಕದಲ್ಲಿ ಕೂತು ಆ ಕೈಯನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಭಾಗ್ಯ ಶಹಾಪುರದ ಕಾಲೇಜಿನಲ್ಲಿ ಓದುತ್ತಾಳೆ. ದವಾಖಾನೆಯಲ್ಲಿ ನಮ್ಮ ಪಾಳಿ ಬರುವವರೆಗೆ ಮೊಬೈಲ್ ತೆಗೆದು ಅಜ್ಜಿಗೆ ಸುದ್ದಿ ಓದಿ ಹೇಳಿದಳು. ಇಂಥ ಇಸವಿಯ ನಂತರ ಹುಟ್ಟಿದವರಿಗೆ ಎಷ್ಟೇ ವಯಸ್ಸಾದರೂ ತಂಬಾಕು ಮಾರುವಂತಿಲ್ಲ ಎಂಬ ಕಾನೂನಿನ ಸುದ್ದಿ. ಹೊರದೇಶಗಳಲ್ಲಿ ಇದರ ಮಾತು ನಡೆದಿದೆ. ಒಂದೆರಡು ಕಡೆ ಕಾನೂನೇ ಆಗಿದೆ, ಒಂದು ಕಡೆ ಬಂದ ಹಾಗೆ ಹೋಗಿಯೂ ಇದೆ. ನಮ್ಮಲ್ಲೂ ತರಬೇಕು ಅನ್ನುವವರಿದ್ದಾರೆ.

"ನಮ್ಮಲ್ಲೂ ಬರಬೇಕು ಆಯಿ. ಬಂದ್ರ ನಿಮ್ಮ ತಪಕೀರು ಬಂದ್."

ಅತ್ತೆ ಮೊಮ್ಮಗಳ ಕಡೆ ತಿರುಗಿದಳು. "ನಂಗೂ ಬಂದ್ ಏನ?"

"ನಿನಗಿಲ್ಲ. ನೀ ಮೊದಲ ಹುಟ್ಟೀದಿ. ನಿನಗ ಕಡೀತನ ಸಿಗತದ. ಮುಂದ ಹುಟ್ಟೋರಿಗಿ ಇಲ್ಲ."

"ದೇವಮ್ಮಗ?"

"ಆಕಿಗೂ ಸಿಗತದ."

"ಹಂಗಾದ್ರ ಕಡೀಕ ಉಳದಾಕಿ ಯಾರ ಡಬ್ಬಿಲಿಂದ ತೊಗೋಬೇಕು?"

"ತನ್ನ ಡಬ್ಬಿಲಿಂದ ತೊಗೋಬೇಕು. ಅದರಾಗೇನದ?"

"ನಿಂಗ ತಿಳಿಯಂಗಿಲ್ಲ ಬಿಡು," ಎಂದು ಅತ್ತೆ ಆ ಕಡೆ ಮುಖ ತಿರುಗಿಸಿದಳು.

ನಾನು ಭಾಗ್ಯಳ ಕಡೆಯವನು. ಗುಟ್ಕಾ ತಿಂದು ತಿಂದು ರೊಟ್ಟಿಯ ತುತ್ತಿಗೂ ಬಾಯಿ ತೆರೆಯಲಾಗದ ಹುಡುಗರನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ತಪಕೀರು ಸಾಧು ಎಂದು ವಾದಿಸಲು ನಾನು ಇಲ್ಲಿ ಕೂತಿಲ್ಲ, ಅದೂ ತಂಬಾಕೇ. ಹಾಗೆ ನೋಡಿದರೆ ಈ ಕಾನೂನು ಮೆತ್ತಗಿನದು. ಹಚ್ಚಿಕೊಂಡವರ ಕೈಯಿಂದ ಕಿತ್ತುಕೊಳ್ಳುವುದಿಲ್ಲ. ಮುಂದಿನವರ ಕೈಗೆ ಕೊಡುವುದಿಲ್ಲ, ಅಷ್ಟೇ. ಇದಕ್ಕಿಂತ ನಯವಾಗಿ ಒಂದು ಚಟವನ್ನು ಮುಗಿಸುವುದು ಹೇಗೆ?

ಆದರೆ ಕಾನೂನು ಜನರನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತದೆ. (ಅದಕ್ಕೆ ಬೇರೆ ದಾರಿಯೂ ಇಲ್ಲ ಅನ್ನಿ.) ನಮ್ಮತ್ತೆಯ ಮೂಗು ಒಬ್ಬಳದಲ್ಲ.

ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ನಾವು ಅವರ ಮುಖ ನೋಡಿದೆವು. "ಪುಣ್ಯ ಮಾಡೀರಿ. ಕಣ್ಣಿಗೇನೂ ಆಗಿಲ್ಲ. ಇನ್ನೊಮ್ಮೆ ಹಿಂಗ ಮಾಡಿದ್ರ ನಾ ಜವಾಬ್ದಾರ ಅಲ್ಲ."

ಮನೆಗೆ ಬಂದ ಕೂಡಲೇ ಭಾಗ್ಯ ಅತ್ತೆಯ ಡಬ್ಬಿಯನ್ನು ತಿಪ್ಪೆಗೆಸೆದಳು. ಅತ್ತೆ ಬಾಗಿಲ ಕಡೆಗೆ ಕಿವಿಕೊಟ್ಟು ಕೂತಿದ್ದಳು.

ದೇವಮ್ಮ ಬರಲಿಲ್ಲ. ಮರುದಿನವೂ ಇಲ್ಲ. ನಾನು ನನ್ನ ಮನೆಗೆ, ಯಾದಗಿರಿಗೆ ಹಿಂತಿರುಗಿ, ಮುಂದಿನ ಭಾನುವಾರ ಮತ್ತೆ ಸುರಪುರಕ್ಕೆ ಹೋದೆ. ಆಗಲೂ ಬಂದಿಲ್ಲ ಎಂದರು. ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಹಾಕಿಕೊಂಡ ಅತ್ತೆಗೆ ಈಗ ಗೋಡೆಯ ಕ್ಯಾಲೆಂಡರಿನ ದೊಡ್ಡ ಅಂಕಿಗಳು ಕಾಣುತ್ತವಂತೆ. ಅದನ್ನು ಹೇಳುವಾಗಲೂ ದನಿಯಲ್ಲಿ ಹುರುಪಿರಲಿಲ್ಲ.

"ಅಳಿಯಾ, ದೇವಮ್ಮನ ಮನೀತನ ಕೈ ಹಿಡದು ಕರಕೊಂಡು ಹೋಗ್ತೀಯೇನ?"

ಹೊರಟೆವು. ಕಾವಲಿಗೆಂದು ಭಾಗ್ಯಳೂ ಜೊತೆಗೆ ಬಂದಳು. ದೇವಮ್ಮ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡವಳು ತಲೆ ಎತ್ತಲಿಲ್ಲ.

"ಯಾಕ ಬರಲಿಲ್ಲ?" ಅತ್ತೆ ಕೇಳಿದಳು.

"ಯಾ ಮಾರಿ ಹೊತ್ತು ಬರ್ಲಿ? ಇದ್ದದ್ದೊಂದು ಕಣ್ಣು, ಅದನ್ನೂ ಕಳೀತಿದ್ದೆ."

"ಕಣ್ಣು ಚೊಲೊ ಅದ. ನಿನ್ನ ಮಾರಿ ಇಷ್ಟು ಸುಕ್ಕಾಗ್ಯಾದಂತ ಈಗ ಕಾಣಾಕತ್ತದ."

"ನಿಂದೇನು ಹೂವಾಗಿ ಕೂತಾದ? ಕನ್ನಡಕ ತಗದು ನೋಡ್ಕೊ."

ಸದ್ಯ, ಮಾತು ಬಂತು. ಅತ್ತೆ ಕಟ್ಟೆಯ ಮೇಲೆ ಕೂತಳು. ಹಣೆಗೆ ಬಟ್ಟೆ ಬಿಗಿದುಕೊಂಡಿದ್ದ ದೇವಮ್ಮನನ್ನು ಆಗ ಗಮನಿಸಿದೆ. ಕಣ್ಣುಗಳು ಕೆಂಪಾಗಿದ್ದವು.

"ತಲಿಗೇನಾಗ್ಯಾದ?" ಅತ್ತೆ ಕೇಳಿದಳು.

"ಸಿಡೀಲಿಕತ್ತದ. ಅವತ್ತಿಂದ ಮೂಗಿಗಿ ಏನೂ ಇಲ್ಲಲ್ಲ."

"ಡಬ್ಬಿ?"

"ಗೂಡಿನಾಗ ಅದ, ತುಂಬ್ಯಾದ. ನನ್ನ ಡಬ್ಬಿಲಿಂದ ನಾ ಹೆಂಗ ಏರಿಸ್ಲಿ?"

ಇದೇ ಒಳ್ಳೆಯ ಸಮಯ, ಇಬ್ಬರೂ ಬಿಟ್ಟುಬಿಡಲಿ ಅನ್ನುತ್ತೀರಾ? ನಾನೂ ಅದನ್ನೇ ಅಂದೆ. ಒಳ್ಳೆಯ ಮಾತು ಹೇಳಿದ ಠೀವಿಯಲ್ಲೇ ಅಂದೆ.

"ಬಿಡ್ತೀನಿ ತಮ್ಮಾ," ಎಂದಳು ದೇವಮ್ಮ. "ಬಿಟ್ಟು, ಈಕಿ ಮುಂದ ಕೂತು ಕೈಲಿಂದ ಏನ್ ಮಾಡ್ಲಿ?"

ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ಬರೆದು ತಿಳಿಸಿ.

ಅತ್ತೆ ಏಳಲು ಹವಣಿಸಿದಳು, ಗೂಡಿನ ಕಡೆ. ಭಾಗ್ಯ ಅವಳ ಭುಜ ಒತ್ತಿ ಕೂರಿಸಿದಳು. "ಕೂಡು ನೀ." ನಂತರ ತಾನೇ ಹೋಗಿ ಡಬ್ಬಿ ತಂದಳು. ತಿಪ್ಪೆಯ ದಾರಿ ಹಿಡಿಯುತ್ತಾಳೆ ಅಂದುಕೊಂಡೆ. ದೇವಮ್ಮನೂ ಹಾಗೇ ಅಂದುಕೊಂಡಳೇನೋ, ಕೈ ಅಡ್ಡ ಚಾಚಿದಳು.

"ಆಯಿ, ನೀ ಆ ಕಡಿ ಮಾರಿ ಮಾಡು. ಮೂಗು ಮುಚ್ಕೊ."

ಅತ್ತೆ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಬೀದಿಯ ಕಡೆ ತಿರುಗಿದಳು. ಭಾಗ್ಯ ಮುಚ್ಚಳ ತೆಗೆದು, ಡಬ್ಬಿಯನ್ನು ತನ್ನಿಂದಲೂ ದೂರ ಹಿಡಿದು, ದೇವಮ್ಮನ ಮುಂದೆ ಚಾಚಿದಳು. ದೇವಮ್ಮ ಡಬ್ಬಿ ನೋಡಿದಳು, ಹುಡುಗಿಯನ್ನು ನೋಡಿದಳು. ತೆಗೆದುಕೊಳ್ಳಲಿಲ್ಲ.

ಆಗ ಅತ್ತೆ, ಮುಖ ತಿರುಗಿಸಿಕೊಂಡೇ, ಒಂದು ಕೈ ಹಿಂದಕ್ಕೆ ಚಾಚಿ ಗಾಳಿಯಲ್ಲಿ ತಡಕಾಡಿ ಮೊಮ್ಮಗಳ ಮಣಿಕಟ್ಟು ಹಿಡಿದಳು. ಅಲ್ಲಿಂದ ಬೆರಳು ಸರಿಸಿ ಡಬ್ಬಿಯ ಅಂಚಿಗೆ ಮುಟ್ಟಿಸಿದಳು. ಅಷ್ಟೇ. ಡಬ್ಬಿ ದೇವಮ್ಮನದೇ ಆದರೂ ಕೊಟ್ಟವಳು ತಾನಾಗಬೇಕಲ್ಲ.

ದೇವಮ್ಮ ಒಂದು ಚಿಟಿಕೆ ತೆಗೆದುಕೊಂಡಳು. ಅತ್ತೆಯ ಹೊಸ ಕಣ್ಣಿನ ಎದುರು ಬೀದಿಯಲ್ಲಿ ಒಂದು ಆಟೋ ಹೋಯಿತು. ಅದರ ಬಣ್ಣ ಎಷ್ಟು ಹಳದಿ ಎಂದು ಅವಳು ಸೆರಗಿನೊಳಗಿಂದಲೇ ಹೇಳಿದಳು.

ಮನೆಗೆ ಬರುವಾಗ ಭಾಗ್ಯ ಹಿಂದುಳಿದು ನನ್ನ ಜೊತೆ ನಡೆದಳು. "ಕಾನೂನು ಬರಬೇಕು ಮಾಮಾ. ಬರಬೇಕಂದ್ರ ಬರಬೇಕು," ಎಂದಳು. ಸ್ವಲ್ಪ ದೂರ ನಡೆದು, "ನಾಳಿಗಿ ಕಾಲೇಜಿಗಿ ಹೋಗೂಕಿಂತ ಮೊದ್ಲ ದೇವಮ್ಮನ ಮನೀಗಿ ಹೋಗಿಬರ್ತೀನಿ," ಎಂದಳು.

ಕಾನೂನು ಬರಲಿ, ನನ್ನ ಸಹಿಯೂ ಇರಲಿ. ಆದರೆ ಕೊನೆಗೆ ಒಬ್ಬಳೇ ಉಳಿಯುವವಳ ಮುಂದೆ ಡಬ್ಬಿ ಹಿಡಿಯಬೇಕಾದವರು ಯಾರು, ಅದನ್ನು ಕಾನೂನಿನ ಯಾವ ಕಲಮಿನಲ್ಲಿ ಬರೆಯುತ್ತೀರಿ?