ಹಗ್ಗಕ್ಕೆ ತೂಗಿದ ನಾಲ್ಕು ಗಾಲಿ

ಬೆಳಿಗ್ಗೆ ಕೆಲಸದ ಕೋಣೆಯ ಬೀಗ ತೆಗೆದ ಕೂಡಲೇ ಸೀಟಕ್ಕ ಕಿಟಕಿ ತೆರೆಯುವುದಿಲ್ಲ, ಹೊಲಿಗೆ ಯಂತ್ರದ ಮುಸುಕನ್ನೂ ಎತ್ತುವುದಿಲ್ಲ. ಮೊದಲು ಮನಸ್ಸಿನಲ್ಲೇ ದೇವರನ್ನು ನೆನೆದು, ಮೂಲೆಯಲ್ಲಿರುವ ಮರದ ಸುತ್ತಿಗೆ ತೆಗೆದುಕೊಂಡು, ಗೋಡೆಯ ಕೊಕ್ಕೆಗಳಿಗೆ ಹಗ್ಗದಲ್ಲಿ ತೂಗುಹಾಕಿದ ನಾಲ್ಕು ಗಾಲಿಗಳಿಗೆ ಒಂದೊಂದು ಪೆಟ್ಟು ಕೊಡುತ್ತಾಳೆ. ಮೆಲ್ಲಗೆ, ನಿದ್ದೆಯಲ್ಲಿರುವ ಮಗುವನ್ನು ತಟ್ಟಿದ ಹಾಗೆ. ಗಾಲಿಗಳು ಒಡಕು ಮಡಕೆಯ ದನಿಯಲ್ಲಿ ಏನೋ ಗೊಣಗುತ್ತವೆ. ಆಮೇಲೆ ಕಿಟಕಿ, ಆಮೇಲೆ ಯಂತ್ರ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ.

ಅವಳಿಗೊಂದು ಹೆಸರಿತ್ತು. ಕರೆಯುವವರಿಲ್ಲದೆ ಅದಕ್ಕೆ ತುಕ್ಕು ಹಿಡಿಯಿತು. ಕಾರು, ವ್ಯಾನುಗಳ ಸೀಟಿಗೆ ಹೊದಿಕೆ ಹೊಲಿಯುವವಳಾದ್ದರಿಂದ ಬೀದಿಗೆಲ್ಲ ಅವಳು ಸೀಟಕ್ಕ. “ಮಂತ್ರಿಗಳ ಕಾಲು ಹಿಡಿದ್ರೂ ಸಿಗದ ಸೀಟು ನಮ್ಮಕ್ಕನ ಹತ್ರ ಸಲೀಸಾಗಿ ಸಿಗುತ್ತೆ” ಎಂದು ಎದುರಿನ ಬ್ಯಾಟರಿ ಅಂಗಡಿಯವನು ಹೊಸಬರಿಗೆಲ್ಲ ಹೇಳುತ್ತಿದ್ದ.

ಗಾಲಿ ತಟ್ಟುವ ಅಭ್ಯಾಸ ಅವಳ ಯಜಮಾನರದು. ಪಕ್ಕದ ಶೆಡ್ಡಿನಲ್ಲೇ ಅವರ ಗ್ಯಾರೇಜು. ಮಿಶ್ರಲೋಹದ ಅಲಾಯ್ ಗಾಲಿ ಯಾವುದೇ ಬರಲಿ, ಟೈರು ಕಳಚಿ, ಹಗ್ಗಕ್ಕೆ ತೂಗಿ, ಮರದ ಸುತ್ತಿಗೆಯಿಂದ ತಟ್ಟಿ ಕೇಳುತ್ತಿದ್ದರು. ನೆಲಕ್ಕೆ ತಾಗಿದ ಗಾಲಿ ಬಾಯಿ ಬಿಡುವುದಿಲ್ಲ, ತೂಗಿದರೆ ನಿಜ ಹೇಳುತ್ತದೆ ಎನ್ನುತ್ತಿದ್ದರು. ಗಟ್ಟಿ ಗಾಲಿ ಗಂಟೆಯಂತೆ ನಾದ ಎಳೆಯುತ್ತದೆ. ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ನಾದ ಅಲ್ಲೇ ಮುಗ್ಗರಿಸುತ್ತದೆ.

ಈ ನಾಲ್ಕು ಗಾಲಿಗಳು ಅವರದೇ ಕಾರಿನವು. ಮುಚ್ಚಿಹೋದ ಗಿರಣಿಯೊಂದರ ಹಿತ್ತಲಲ್ಲಿ, ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೇ ಕಾರನ್ನು ಅವರು ಎಳೆಸಿ ತಂದಾಗ ಬೀದಿಯೇ ನಕ್ಕಿತ್ತು. ವರ್ಷಗಟ್ಟಲೆ ಮನೆಯ ಮೂವರೂ ಅದರ ದುರಸ್ತಿಗೆ ಬಿದ್ದರು. ಎಂಜಿನ್ನು ಯಜಮಾನರದು, ಸೀಟು ಇವಳದು, ಕೆನೆಬಣ್ಣ ಮೈದುನನದು. ಕಾರು ಎದ್ದು ನಿಂತ ಮೇಲೆ ಸಂಜೆ ಹೊತ್ತು ಯಜಮಾನರು ಬಾಗಿಲ ಬಳಿ ಹಾರ್ನ್ ಒತ್ತುತ್ತಿದ್ದರು. “ಎಲ್ಲಿಗೆ?” ಎಂದು ಇವಳು ಕೇಳಬೇಕು. “ಎಲ್ಲಿಗೂ ಇಲ್ಲ, ಬಾ” ಎಂದು ಅವರು ಹೇಳಬೇಕು. ಸೇತುವೆಯ ತನಕ ಹೋಗಿ, ನೀರು ನೋಡಿ, ಮಾತಾಡದೆ ತಿರುಗಿ ಬರುತ್ತಿದ್ದರು. ಅವಳ ಬದುಕಿನಲ್ಲಿ ತಿರುಗಾಟ ಅಂತ ಇದ್ದದ್ದು ಅಷ್ಟೆ. ಅಷ್ಟರಲ್ಲೇ ಹೊಟ್ಟೆ ತುಂಬುತ್ತಿತ್ತು.

ಆಮೇಲೆ ಒಂದರ ಹಿಂದೊಂದು ಗಾಲಿಗಳ ದನಿ ಕೆಟ್ಟಿತು. ವಯಸ್ಸಾದ ಲೋಹ. ಯಜಮಾನರು ನಾಲ್ಕನ್ನೂ ಬಿಚ್ಚಿ ಗೋಡೆಗೆ ತೂಗಿ, ಕಾರಿಗೆ ಕಬ್ಬಿಣದ ಗಾಲಿ ಹಾಕಿದರು. “ಇಂಥವೇ ಇನ್ನೊಂದು ಸೆಟ್ ಎಲ್ಲಾದ್ರೂ ಇರುತ್ತೆ, ಹುಡುಕ್ತೀನಿ” ಎಂದರು. ಹುಡುಕಾಟ ಅರ್ಧದಲ್ಲಿರುವಾಗಲೇ ಅವರು ಲೋಕ ಬಿಟ್ಟು ಹೊರಟುಹೋದರು. ನಿಂತ ಕಾರು ನಿಂತಲ್ಲೇ ಸಾಯುತ್ತದೆಂದು ಸೀಟಕ್ಕ ಅದನ್ನು ಫೋಟೋ ಸ್ಟುಡಿಯೋದವರಿಗೆ ಕೊಟ್ಟಳು. ಅವರು ಅದರಲ್ಲಿ ಮದುಮಕ್ಕಳನ್ನು ಕೂರಿಸಿ ಊರು ಸುತ್ತಿಸುತ್ತಾರೆ. ಗಾಲಿಗಳು ಮಾತ್ರ ಗೋಡೆಯಲ್ಲೇ ಉಳಿದವು.

ನಾಲ್ಕು ಗಾಲಿಗೆ ನಲವತ್ತು ಬುದ್ಧಿವಾದ. ಸೊಸೆ, “ಮಲಗಿಸಿ ಮಣ್ಣು ತುಂಬಿದ್ರೆ ಹೂವಿನ ಗಿಡ ಚೆನ್ನಾಗಿ ಬರುತ್ತೆ ಅತ್ತೆ” ಎಂದಳು. ಬ್ಯಾಟರಿಯವನು, “ಮೇಲೊಂದು ಗಾಜು ಇಡಿ, ಟೀಪಾಯಿ” ಎಂದ. ಗುಜರಿಯವನು ತಕ್ಕಡಿ ಹಿಡಿದೇ ಬಂದ. ಸೀಟಕ್ಕ ಎಲ್ಲರಿಗೂ ಬೇಡವೆಂದು ತಲೆಯಾಡಿಸಿದಳು. ಗಾಲಿ ತಟ್ಟುವಾಗ ಅವಳ ಒಳಗೊಂದು ಹುಚ್ಚು ಆಸೆ ಇಣುಕುತ್ತಿತ್ತು. ಇವತ್ತು ಒಂದಾದರೂ ಗಂಟೆಯಂತೆ ನುಡಿದರೆ? ಕಾರು ಮತ್ತೆ ತನ್ನ ಗಾಲಿಗಳ ಮೇಲೆ ನಿಂತು, ಬಾಗಿಲ ಬಳಿ ಆ ಹಾರ್ನ್ ಕೇಳಿದರೆ? ಇದನ್ನು ಅವಳು ದೇವರ ಹತ್ತಿರವೂ ಬಾಯಿಬಿಟ್ಟು ಕೇಳಿರಲಿಲ್ಲ. ದೇವರನ್ನು ಪೇಚಿಗೆ ಸಿಕ್ಕಿಸಬಾರದಲ್ಲ.

ಅವಳು ಬಾಣಂತಿ ಮಗಳ ಮನೆಗೆ ಹೋಗಿ ಬರುವಷ್ಟರಲ್ಲಿ ಮೈದುನ ಒಂದು ಕೆಲಸ ಮಾಡಿದ್ದ. ಗಾಲಿಗಳನ್ನು ತನ್ನ ಬಣ್ಣದ ಶೆಡ್ಡಿಗೆ ಒಯ್ದು, ಬಿರುಕುಗಳಿಗೆ ಪುಟ್ಟಿ ತುಂಬಿ, ತಿಕ್ಕಿ, ಬೆಳ್ಳಿಬಣ್ಣ ಹೊಡೆದು ತಂದು ತೂಗುಹಾಕಿದ್ದ. ಬಾಗಿಲು ತೆಗೆದರೆ ಗೋಡೆಯಲ್ಲಿ ನಾಲ್ಕು ಹುಣ್ಣಿಮೆ.

“ಹೇಗಿದೆ ಅತ್ತಿಗೆ? ಬಿರುಕು ಎಲ್ಲಿತ್ತು ಹುಡುಕಿ ನೋಡೋಣ” ಎಂದು ಬೀಗಿದ.

ಅವಳಿಗೆ ಸಿಗಲಿಲ್ಲ. ಬೆರಳಾಡಿಸಿದಳು, ಅಂಗೈ ಸವರಿದಳು, ನುಣ್ಣಗಿತ್ತು. ಆ ಹುಚ್ಚು ಆಸೆ ಮತ್ತೆ ಇಣುಕಿತು. ಸುತ್ತಿಗೆ ಎತ್ತಿಕೊಂಡಳು, ಆದರೆ ಹೊಡೆಯಲು ಕೈ ಬರಲಿಲ್ಲ.

ಅಷ್ಟರಲ್ಲಿ ಹೊರಗೆ ಅದೇ ಕೆನೆಬಣ್ಣದ ಕಾರು ಬಂದು ನಿಂತಿತು. ಮೈದುನನ ಶೆಡ್ಡಿನಲ್ಲಿ ಗಾಲಿಗಳನ್ನು ನೋಡಿದ್ದ ಸ್ಟುಡಿಯೋ ಮಾಲೀಕರು ನಗುತ್ತಾ ಒಳಗೆ ಬಂದರು.

“ಅಕ್ಕಾ, ನಿಮ್ಮ ಮೈದುನ ಮಾಂತ್ರಿಕ. ಕಬ್ಬಿಣದ ಗಾಲೀಲಿ ಆ ಕಾರು ರೇಷ್ಮೆ ಉಟ್ಟು ಹವಾಯಿ ಚಪ್ಪಲಿ ಮೆಟ್ಟಿದ ಹಾಗಿತ್ತು. ಇವನ್ನ ಕೊಡಿ. ಇವತ್ತೇ ಹಾಕಿಸ್ತೀನಿ, ನಾಳೆ ಒಂದು ಮದುವೆ ಇದೆ. ಮೊದಲ ಸುತ್ತು ನಿಮಗೇ.”

ಅವಳು ಬಯಸಿದ್ದೆಲ್ಲ ತಾನಾಗಿ ಬಾಗಿಲಿಗೆ ಬಂದಿತ್ತು. ಹೂಂ ಅಂದರೆ ಸಾಕು. ಅವಳು ನಾಲ್ಕು ಗಾಲಿಗಳನ್ನೂ ನೋಡಿ, ಕಣ್ಣು ಮುಚ್ಚಿ, ಮೊದಲನೆಯದನ್ನು ತಟ್ಟಿದಳು.

ಅದೇ ಒಡಕು ದನಿ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದಕ್ಕೆ ತುಸು ಹೊತ್ತು ಕಾದಳು. ಅದೂ ಸುಳ್ಳು ಹೇಳಲಿಲ್ಲ.

“ಇವು ಓಡೋ ಗಾಲಿಗಳಲ್ಲಪ್ಪ. ಬಿರುಕು ಒಳಗೇ ಇದೆ.”

“ಹಾಗಾದ್ರೆ ವೆಲ್ಡಿಂಗ್ ಮಾಡಿಸೋಣ” ಎಂದರು ಅವರು.

“ನಮ್ಮ ಯಜಮಾನ್ರ ಹತ್ರ ಇದನ್ನ ಎಷ್ಟು ಜನ ಕೇಳಿದ್ರೋ. ನೋಟಕ್ಕೆ ಸರಿ, ಓಟಕ್ಕಲ್ಲ ಅಂದು ವಾಪಸ್ ಕಳಿಸ್ತಿದ್ರು.”

ಮೈದುನನ ಮುಖ ಬಾಡಿತು. “ನಿಧಾನಕ್ಕೆ ಓಡಿಸಿದ್ರೆ ಏನಾಗುತ್ತೆ ಅತ್ತಿಗೆ? ಮದುವೆ ಕಾರು ಹೇಗೂ ಬಸವನಹುಳು ಥರ ಹೋಗುತ್ತೆ.”

“ಗುಂಡಿ ನಿಧಾನ ನೋಡಿ ಬರುತ್ತಾ? ಹಿಂದಿನ ಸೀಟಲ್ಲಿ ಯಾರೋ ಹೆತ್ತ ಹುಡುಗಿ ಕೂತಿರ್ತಾಳೆ.” ಅವಳ ದನಿ ಏರಲಿಲ್ಲ. “ನೀನು ಪ್ರೀತಿಯಿಂದ ಮಾಡಿದ್ದೀಯ, ನಂಗೆ ಗೊತ್ತು. ಆದ್ರೆ ಈಗ ಇದು ಮೊದಲಿಗಿಂತ ಅಪಾಯ. ಮುಂಚೆ ಕಂಡೋರು ಮುಟ್ಟುತ್ತಿರಲಿಲ್ಲ. ನಾಳೆ ನಾನಿಲ್ಲದಾಗ ಯಾರಾದ್ರೂ ಹೊಸದು ಅಂತ ಹಾಕ್ಕೊಂಡ್ರೆ? ಕಟಿಂಗ್ ಮೆಷಿನ್ ತಗೊಂಡು ಬಾ.”

“ಕತ್ತರಿಸೋದಾ? ಅಣ್ಣನ ಗಾಲಿ?” ಎಂದ ಮೈದುನ.

“ಅಣ್ಣನ ಗಾಲಿ ಅಂತಾನೇ.”

ಅಂಗಳದಲ್ಲಿ ಗಾಲಿಗಳನ್ನು ಮಲಗಿಸಿದರು. ಮೆಷಿನ್ನು ಕಿರುಚಿತು, ಬೆಳ್ಳಿಬಣ್ಣದ ಪುಡಿ ಹಾರಿ ಮೈದುನನ ಮೀಸೆ ನರೆಯಿತು. ಬಾಗಿಲಲ್ಲಿ ನಿಂತ ಬ್ಯಾಟರಿಯವನು, “ನೋಡೋ, ಒಂದೇ ಗಳಿಗೇಲಿ ಮುದುಕ ಆದೆ” ಎಂದ. ಯಾರೂ ನಗಲಿಲ್ಲ. ಸೀಟಕ್ಕ ಮಾತ್ರ ಸೆರಗಿನ ಅಂಚಿನಿಂದ ಮೈದುನನ ಕಣ್ಣಂಚು ಒರೆಸಿ, “ಪುಡಿ ಬಿದ್ದಿದೆ” ಎಂದಳು. ಪುಡಿಯೊಂದೇ ಬಿದ್ದಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕತ್ತರಿಸಿದ ಜಾಗದಲ್ಲಿ ಬಿರುಕು ಕಪ್ಪು ಬೇರಿನಂತೆ ಲೋಹದ ಅರ್ಧದವರೆಗೂ ಇಳಿದಿತ್ತು. ಸ್ಟುಡಿಯೋದವರು ಬಗ್ಗಿ ನೋಡಿ, ಅದರ ಮೇಲೆ ಬೆರಳಾಡಿಸಿದರು.

ತುಂಡುಗಳನ್ನು ಎರಕದವನ ಕುಲುಮೆಗೆ ಕಳಿಸಲು ಗೋಣಿಚೀಲಕ್ಕೆ ತುಂಬಿದ್ದಾಯಿತು. ತೆರೆದ ಬಾಗಿಲಿಂದ ಒಳಗಿನ ಬೋಳು ಗೋಡೆ ಕಾಣುತ್ತಿತ್ತು. ಸೀಟಕ್ಕ ಅತ್ತ ಬೆನ್ನು ಮಾಡಿ ನಿಂತಳು.

“ಅಕ್ಕಾ” ಎಂದರು ಸ್ಟುಡಿಯೋದವರು, ಮೆತ್ತಗೆ. “ಗಾಲಿ ಹೋದ್ರೆ ಹೋಗ್ಲಿ. ಕಬ್ಬಿಣದ ಗಾಲೀಲೇ ಒಂದು ಸುತ್ತು ಹೋಗಿಬರೋಣ ಬನ್ನಿ. ನೀವು ಎಲ್ಲಿಗೆ ಅಂದ್ರೆ ಅಲ್ಲಿಗೆ. ಮುಂದಿನ ಸೀಟಲ್ಲೇ ಕೂತ್ಕೊಳ್ಳಿ.”

ಅವಳು ಕಾರಿನ ಹತ್ತಿರ ಹೋದಳು. ಬಿಸಿಲಿಗೆ ಬೆಚ್ಚಗಾಗಿದ್ದ ಬಾಗಿಲಿನ ಮೇಲೆ ಕೈಯಿಟ್ಟು, ಗಾಜಿನಲ್ಲಿ ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಅವರು ಬಾಗಿಲು ತೆರೆಯಲು ಕೈ ಚಾಚಿದಾಗ ಅವಳು ತನ್ನ ಕೈ ತೆಗೆದಳು.

“ಬೇಡಪ್ಪ. ಕರೆದಿರಲ್ಲ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ. ಕೂತು ಪಕ್ಕಕ್ಕೆ ತಿರುಗಿದ್ರೆ ಅವರ ಜಾಗದಲ್ಲಿ ನೀವು ಕಾಣ್ತೀರ. ಅದು ನಿಮ್ಮ ತಪ್ಪಲ್ಲ. ಹೋಗಿಬನ್ನಿ, ಬಿಸಿಲು ಏರ್ತಾ ಇದೆ.”